ಏರುತ್ತಿದ್ದ ಎಣ್ಣೆ

ಕಾರಿನ ಎಣ್ಣೆ ಅಳೆಯುವ ಡಿಪ್‌ಸ್ಟಿಕ್ಕನ್ನು ಮೂಗಿಗೆ ಹಿಡಿದವನೇ ಗುರುಪಾದ ಹಲ್ಲು ಕಡಿದ. ಮತ್ತೆ ಅದೇ ಪೆಟ್ರೋಲ್ ವಾಸನೆ. ಹಾಕಿಸಿ ತಿಂಗಳೂ ಆಗಿಲ್ಲ, ಎಂಜಿನ್ ಆಯಿಲ್ ನೀರಾಗಿ ಕೂತಿತ್ತು. ತಲೆ ಕೆಡಿಸುವ ಮಾತೆಂದರೆ, ಮಟ್ಟ ಇಳಿದಿರಲಿಲ್ಲ. ಮೇಲಿನ ಗೆರೆ ದಾಟಿ ಏರಿತ್ತು. ಎಣ್ಣೆ ಕುಡಿಯುವ ಎಂಜಿನ್ ಊರಿಗೆ ಹತ್ತು ಸಿಗುತ್ತವೆ. ಎಣ್ಣೆ ಹಡೆಯುವ ಎಂಜಿನ್ ಇಡೀ ರೋಣ ತಾಲೂಕಿನಲ್ಲಿ ಇದೊಂದೇ ಇರಬೇಕು.

ಗುರುಪಾದ ಕಡಲೆ, ಜೋಳದ ವ್ಯಾಪಾರಿ. ವಾರವೆಲ್ಲ ಸ್ಕೂಟರಿನಲ್ಲೇ ಮಾರ್ಕೆಟ್ಟಿಗೆ ಹೋಗುತ್ತಿದ್ದ. ಕಾರು ಭಾನುವಾರಕ್ಕೆ ಮೀಸಲು. ಗದಗ ರಸ್ತೆಯಲ್ಲಿ ಎಂಜಿನ್ನಿನ ಟರ್ಬೊ ಎದ್ದು, ಕಾರು ನುಗ್ಗಿ, ಸೀಟು ಬೆನ್ನಿಗೆ ಗುದ್ದಿದಾಗ ಅವನಿಗೆ ಹದಿನೆಂಟರ ಹರೆಯ ಬರುತ್ತಿತ್ತು. ಉಳಿದ ಆರು ದಿನ ಅಂಗಳದ ಬೇವಿನ ಕೆಳಗೆ ಹೊದಿಕೆ ಹೊದ್ದ ಕಾರನ್ನು ಯಾರೂ ಮುಟ್ಟುವಂತಿರಲಿಲ್ಲ; ಕೀಲಿ ಮನೆಯೊಳಗೆ ಮೊಳೆಗೆ ತೂಗುತ್ತಿತ್ತು. ಕಾರಿನ ಪೂಜೆಯ ದಿನ ತಾಯಿ ನೀಲವ್ವ ಒಮ್ಮೆ ಕೂತು, ಇದರಾಗ ಎಷ್ಟು ತಂಪೈತಿ ಎಂದು ಬೆರಗಾಗಿದ್ದರು. ಮೊಣಕಾಲಿಗೆ ಹಚ್ಚಿದ ನೋವಿನೆಣ್ಣೆ ಸೀಟಿಗೆ ಹತ್ತಿತೆಂದು ಮಗ ನಾಲ್ಕು ಜನರ ಮುಂದೆ ರೇಗಿದ. ಮುದುಕಿ ಇಳಿದುಬಿಟ್ಟರು. ಅಂದಿನಿಂದ ಅವರ ಬಾಯಲ್ಲಿ ಕಾರಿನ ಮಾತೇ ಬಂದಿರಲಿಲ್ಲ.

ಈ ಎಣ್ಣೆಗಾಗಿ ಅವನು ಸುತ್ತದ ಊರಿಲ್ಲ. ಮೊದಲು ಕಾರಿನ ಜೊತೆ ಬಂದ ಪುಸ್ತಕದಲ್ಲಿ ಬರೆದಿದ್ದ ತೆಳು ಆಯಿಲ್ ಹಾಕಿಸಿದ. ಕೆಟ್ಟಿತು. ಟರ್ಬೊ ಕೆಂಡದಂತೆ ಕಾಯುತ್ತದೆ, ದಪ್ಪ ಸಿಂಥೆಟಿಕ್ ಆಯಿಲ್ಲೇ ಬೇಕು ಎಂದು ಮೊಬೈಲಿನ ವಿಡಿಯೋದವನು ಹೇಳಿದ. ಗಜೇಂದ್ರಗಡದಿಂದ ಸೀಲ್ ನೋಡಿ ತಂದ. ಅದೂ ಕೆಟ್ಟಿತು. ಫಿಲ್ಟರೇ ಸರಿಯಿಲ್ಲವೇನೋ ಎಂದು ನರಗುಂದಕ್ಕೆ ಹೋಗಿ ಕಂಪನಿಯ ಫಿಲ್ಟರ್ ಹುಡುಕಿ ತಂದು, ಎದುರಿಗೆ ನಿಂತು ಹಾಕಿಸಿದ. ಮನೆಯ ಕೂಲರ್ ಶಿವರಾತ್ರಿಗೆ ಕೆಟ್ಟಿದ್ದು ಹಾಗೇ ಬಿದ್ದಿತ್ತು. ಅದಕ್ಕೆ ಮಾತ್ರ ಪುರುಸೊತ್ತಿರಲಿಲ್ಲ.

ಎಣ್ಣೆ ಒಳ್ಳೆಯದು, ಫಿಲ್ಟರ್ ಒಳ್ಳೆಯದು. ಹಾಗಾದರೆ ಕೆಟ್ಟವನು ಒಬ್ಬನೇ ಉಳಿದ: ಮನೆಯ ಎದುರೇ ಗ್ಯಾರೇಜಿಟ್ಟುಕೊಂಡಿದ್ದ ಮೆಕ್ಯಾನಿಕ್ ಸಾಜೀದ. ಅವನೇ ಏನೋ ಕೈಚಳಕ ಮಾಡುತ್ತಿದ್ದಾನೆ. ನಿಂತ ಕಾರಿನಲ್ಲಿ ಪೆಟ್ರೋಲೂ ಕಡಿಮೆಯಾಗುತ್ತಿತ್ತು. ಬಾಗಿಲು ತೆರೆದರೆ ಕರ್ಪೂರದಂಥ ಘಾಟು. ಅವನ ಗ್ಯಾರೇಜಿನ ಹೊಲಸು ಅರಿವೆಯದೇ ಇರಬೇಕು. ಮಧ್ಯಾಹ್ನ ಎರಡಕ್ಕೆ ಫೋನ್ ಮಾಡಿದರಂತೂ ಒಂದು ದಿನವೂ ಎತ್ತುತ್ತಿರಲಿಲ್ಲ.

ಡಿಪ್‌ಸ್ಟಿಕ್ ಹಿಡಿದುಕೊಂಡೇ ಗುರುಪಾದ ಅವನನ್ನು ಅಂಗಳಕ್ಕೆ ಕರೆಸಿದ.

“ಎಣ್ಣಿ ಚಲೋನ ಐತ್ರಿ, ಸಾವ್ಕಾರ್ರ,” ಎಂದ ಸಾಜೀದ. “ಗಾಡಿ ನಿಂತಲ್ಲೇ ಚಾಲೂ ಇದ್ರ ಪೆಟ್ರೋಲ್ ಎಣ್ಣ್ಯಾಗ ಇಳೀತೈತ್ರಿ. ಅದಕ್ಕ ಲಗೂ ಲಗೂ ಬದ್ಲಿ ಮಾಡೂಣು ಅಂತೇನಿ.”

“ವಾರಗಟ್ಟಲೆ ಹೊದ್ದು ಮಲಗೂ ಗಾಡಿ. ಚಾಲೂ ಮಾಡಾವ್ರು ಯಾರು, ನಿಮ್ಮಪ್ಪ?”

ಸಾಜೀದ ತಲೆ ತಗ್ಗಿಸಿ ಕೈ ಒರೆಸಿಕೊಂಡ. ಗುರುಪಾದನಿಗೆ ಅಷ್ಟೇ ಸಾಕಾಯಿತು. ಮಾರ್ಕೆಟ್ಟಿನ ವ್ಯಾಪಾರಿಗಳ ಹನ್ನೊಂದು ಗೂಡ್ಸ್ ಗಾಡಿಗಳ ರಿಪೇರಿ ಸಾಜೀದನ ಪಾಲಿಗಿತ್ತು. ಆ ಕೆಲಸ ಈ ವರ್ಷ ಯಾರಿಗೆಂದು ಮರುದಿನ ಮೂರು ಗಂಟೆಗೆ ಸಭೆ. ಅಲ್ಲಿ ಗುರುಪಾದ ಅಂದದ್ದೇ ಮಾತು. ಅದು ತಪ್ಪಿದರೆ ಸಾಜೀದ ಗ್ಯಾರೇಜು ಮುಚ್ಚಿ ಊರು ಬಿಡಬೇಕು. ಇದು ಇಬ್ಬರಿಗೂ ಗೊತ್ತಿತ್ತು.

“ಏನ್ ಮಾಡೀ, ಖರೇ ಹೇಳಿಬಿಡು. ಇಲ್ಲೇ ಮುಗಸೂಣು,” ಎಂದ ಗುರುಪಾದ.

ಸಾಜೀದ ಬಾಯಿ ತೆರೆದ. ಗುರುಪಾದನ ಮನೆಯ ಬಾಗಿಲಿನ ಕಡೆ ಒಮ್ಮೆ ನೋಡಿದ. ಹೇಳುವುದೇನೂ ಇಲ್ಲ ಎಂದು ಹೊರಟುಹೋದ.

ರಾತ್ರಿ ಊಟಕ್ಕೆ ಕೂತಾಗ ಗುರುಪಾದ ಇದನ್ನೆಲ್ಲ ಹೇಳಿಕೊಂಡು ಕುದಿದ. ರೊಟ್ಟಿ ಬಡಿಸುತ್ತಿದ್ದ ನೀಲವ್ವನ ಕೈ ನಿಂತಿತು. “ಆ ಹುಡುಗನ ಮ್ಯಾಲ ಬಾಯಿ ಹಾಕಬ್ಯಾಡ, ತಮ್ಮಾ. ಅಂಥಾಂವಲ್ಲ ಅಂವ.” ಕಾರಿನ ವಿಷಯ ನಿನಗೇನು ಗೊತ್ತು ಎಂದು ಮಗ ಸಿಡುಕಿದ. ನನಗೇನು ತಿಳೀತೈತಿ ಬಿಡು ಎಂದು ಅವರು ಒಳಗೆ ಹೋದರು.

ಮರುದಿನ ಎರಡು ಗಂಟೆ. ಕರೆಂಟು ಹೋಗಿತ್ತು, ಬಿಸಿಲು ಕಾದ ಹಂಚಾಗಿತ್ತು. ಸಭೆಯಲ್ಲಿ ತೋರಿಸಲು ಹಳೆಯ ಫಿಲ್ಟರ್ ಬೇಕೆಂದು ಗುರುಪಾದ ಮನೆಗೆ ಬಂದ. ಎದುರಿನ ಗ್ಯಾರೇಜಿನ ಶಟರ್ ಅರ್ಧ ಇಳಿದಿತ್ತು. ಕಳ್ಳ ಎಲ್ಲಿ ಸತ್ತನೋ ಎಂದು ಬೈದುಕೊಂಡೇ ಅಂಗಳದ ಗೇಟು ತಳ್ಳಿದ.

ಬೇವಿನ ಕೆಳಗೆ ಕಾರಿನ ಹೊದಿಕೆ ಅಚ್ಚುಕಟ್ಟಾಗಿ ಮಡಿಸಿಟ್ಟಿತ್ತು. ಎಂಜಿನ್ ಗುರ್ ಎನ್ನುತ್ತಿತ್ತು.

ಗುರುಪಾದನ ಮೈಯೆಲ್ಲ ಉರಿದುಹೋಯಿತು. ಸಿಕ್ಕಿಬಿದ್ದ, ಕೊನೆಗೂ ಸಿಕ್ಕಿಬಿದ್ದ! ನಾಲ್ಕೇ ಹೆಜ್ಜೆಗೆ ಹೋಗಿ ಸ್ಟೇರಿಂಗಿನ ಕಡೆ ಬಗ್ಗಿ ನೋಡಿದ. ಆ ಸೀಟಿನಲ್ಲಿ ಯಾರೂ ಇಲ್ಲ, ಆಚೆಯದು ಗಾಜಿನ ಹೊಳಪಿಗೆ ಕಾಣಲಿಲ್ಲ. ಸುತ್ತಿ ಬಂದು ಆಚೆ ಕಡೆಯ ಬಾಗಿಲನ್ನು ಕಿತ್ತು ತೆಗೆದಂತೆ ತೆಗೆದ.

ತಂಪು ಗಾಳಿ ಮುಖಕ್ಕೆ ಹೊಡೆಯಿತು. ಜೊತೆಗೇ ಆ ಕರ್ಪೂರದ ಘಾಟು, ಮೊಣಕಾಲಿನ ನೋವಿನೆಣ್ಣೆಯದು. ಹಿಂದಕ್ಕೆ ಬಾಗಿಸಿದ ಸೀಟಿನ ಮೇಲೆ ಹಳೆಯ ಕೌದಿ ಹಾಸಿಕೊಂಡು, ಕಾಲು ಚಾಚಿ ಮಲಗಿದ್ದ ನೀಲವ್ವ ಬಾಗಿಲಿನ ಸದ್ದಿಗೆ ಕಣ್ಣು ತೆರೆಯದೆಯೇ ಗೊಣಗಿದರು:

“ಬಂದೇನಪಾ ಸಾಜೀದಾ? ಬಂದ್ ಮಾಡಿ ಸೀಟ್ ಒರಸಿಬಿಡು… ನಾನ ಹೇಳತೇನಂದ್ರ ನೀ ಬ್ಯಾಡಂತಿ. ಇರಲಿ, ಸಭಾದ ಚಿಂತಿ ಮಾಡಬ್ಯಾಡ, ನನ್ನ ಮಗ ಅಷ್ಟೇನ ಕೆಟ್ಟಾಂವಲ್ಲ.”