ಕರಡಿ ಹತ್ತದ ಗುಡ್ಡ

ಬಳ್ಳಾರಿಯ ಗಣಿ ಧಣಿ ಕರಡಿ ಹೊಡೆಯಲೆಂದು ಉತ್ತರ ಧ್ರುವದ ಹತ್ತಿರದ ಆ ಬಯಲಿಗೆ ಬಂದು ನಾಲ್ಕು ದಿನವಾಗಿತ್ತು. ಬಂದೂಕು ಹೊರಲು, ಹೊಗಳಲು, ದಾರಿ ತೋರಿಸುವ ಮುದುಕನ ಮಾತನ್ನು ಕನ್ನಡಕ್ಕೆ ತಿರುಗಿಸಲು ಜೊತೆಗೆ ಮ್ಯಾನೇಜರ್ ಎರ್ರಿಸ್ವಾಮಿ ಇದ್ದ.

ಅಂದು ಬೆಳಿಗ್ಗೆ ಹೊಳೆಯ ದಂಡೆಯಲ್ಲಿ ತಾಯಿ ಕರಡಿಯ ಹೆಜ್ಜೆಗಳೂ ಪಕ್ಕದಲ್ಲೇ ಎರಡು ಮರಿಗಳ ಹೆಜ್ಜೆಗಳೂ ಮುದುಕನ ಕಣ್ಣಿಗೆ ಬಿದ್ದವು. ಮರಿಯಿರುವ ತಾಯಿಯನ್ನು ಹೊಡೆಯಬಾರದೆಂದರೆ ಕೇಳುವ ಮನುಷ್ಯ ಈ ಧಣಿಯಲ್ಲ. ಮುದುಕ ಬೂಟಿನಿಂದ ಹೆಜ್ಜೆಗಳನ್ನು ಅಳಿಸಿ, ಎದುರಿನ ಬೋಳುಗುಡ್ಡದತ್ತ ಕೈ ತೋರಿಸಿದ. ಅದನ್ನು ಯಾವ ಕರಡಿಯೂ ಎಂದೂ ಹತ್ತಿದ್ದಿಲ್ಲ.

ಏರುವಾಗ ಮುದುಕ ಏನೋ ಕೇಳಿದ.

"ನಿಮ್ಮೂರಾಗ ಕರಡಿ ಇಲ್ಲೇನು ಅಂತಾನ್ರೀ, ಧಣಿ."

"ಇದ್ವು. ಗುಡ್ಡಾನೇ ಲಾರಿಗೆ ತುಂಬಿದ ಮ್ಯಾಲೆ ಕರಡಿ ಎಲ್ಲಿ ಕುಂದರ್ತಾವಲೇ?"

ಧಣಿ ನಕ್ಕ. ಎರ್ರಿಸ್ವಾಮಿ ಅದಕ್ಕಿಂತ ಜೋರಾಗಿ ನಕ್ಕು, ಮುದುಕನಿಗೆ "ಇಲ್ಲ" ಎಂದಷ್ಟೇ ತಿರುಗಿಸಿದ.

ಗುಡ್ಡದ ನೆತ್ತಿಯಲ್ಲಿ ಧಣಿ ಎಡವಿ ಮಕಾಡೆ ಬಿದ್ದ. ಕೈಗೆ ಸಿಕ್ಕ ಕೆಂಪು ಕಲ್ಲನ್ನು ಬೈಯುತ್ತ ಎತ್ತಿದವನು ಅದರ ಮಣ್ಣು ಒರೆಸಿದ. ಅಂಗೈಯಲ್ಲಿ ತೂಗಿ ನೋಡಿದ, ನಾಲಿಗೆಯ ತುದಿಗೆ ತಾಗಿಸಿದ. ಎರ್ರಿಸ್ವಾಮಿ ಚಾಚಿದ ಬಂದೂಕನ್ನು ಪಕ್ಕಕ್ಕೆ ತಳ್ಳಿದ.

"ಕರಡಿ ಬ್ಯಾಡಂತ ಹೇಳಲೇ ಅವಂಗೆ."

ಮಾತು ತಿಳಿಯುತ್ತಲೇ ಮುದುಕನ ಮುಖ ಅರಳಿತು. ತಾಯಿಯೂ ಮರಿಗಳೂ ಉಳಿದವೆಂದು ಧಣಿಯ ಎರಡೂ ಕೈ ಹಿಡಿದು ಕುಲುಕಿದ.

ಧಣಿ ಕೈ ಬಿಡಿಸಿಕೊಂಡು ಕಲ್ಲನ್ನು ಜೇಬಿಗಿಳಿಸಿದ.

"ಈ ಗುಡ್ಡ ಯಾರ್ದು, ಕೇಳು."