ಹಜಾರದ ಸ್ವಿಚ್ಚು

ಗಂಡ ಹಜಾರದ ಮಬ್ಬು ಮೂಲೆಯಲ್ಲಿ ಸ್ವಿಚ್ಚು ಒತ್ತಿದ. ದೀಪ ಹತ್ತಲಿಲ್ಲ. ಹೆಬ್ಬೆರಳಿಂದ ಬಲವಾಗಿ ಒತ್ತಿದ. ಸ್ವಿಚ್ಚು ಜಗ್ಗಲಿಲ್ಲ. ಅಡುಗೆಮನೆಯ ಬಾಗಿಲ ಹಿಂದೆ ಅತ್ತೆ ಬಾಯಿಗೆ ಕೈ ಅಡ್ಡ ಹಿಡಿದರು. ಮಗಳು ಅಜ್ಜಿಯ ಬೆನ್ನಿಗೆ ಮುಖ ಒತ್ತಿ ನಗು ನುಂಗಿದಳು. ಚಿತ್ರದ ಹುಚ್ಚು ಹತ್ತಿಸಿಕೊಂಡಿದ್ದ ಹೆಂಡತಿ ಮಾತ್ರ ಉಸಿರು ಬಿಗಿಹಿಡಿದು ನೋಡುತ್ತಿದ್ದಳು.

ಅವಳು ಬರೆದ ಕುದುರೆಯನ್ನು ನೋಡಿ "ಸೋಫಾ ಚೆನ್ನಾಗಿದೆ" ಎಂದಿದ್ದವನು ಅವನು. ಹೋದ ವಾರ ಎಲ್ಲರೂ ಈ ಹೊಸ ಮನೆಗೆ ಬಂದ ದಿನ, ಹಜಾರದ ಗೋಡೆ ಮೇಲೆ ಚಿತ್ರ ಬರೀಲಾ ಎಂದು ಅವಳು ಕೇಳಿದಾಗ, "ಮೊದ್ಲು ಯಾವುದಾದ್ರೂ ಒಂದು ವಸ್ತು ಆ ವಸ್ತು ಥರಾನೇ ಕಾಣೋ ಹಾಗೆ ಬರಿ. ಆಮೇಲೆ ಇಡೀ ಗೋಡೆ ನಿಂದೇ" ಎಂದು ನಕ್ಕಿದ್ದ.

ಊರವರ ಮನೆಗೆಲ್ಲ ವೈರಿಂಗ್ ಮಾಡುವ ಎಲೆಕ್ಟ್ರಿಷಿಯನ್ ಈಗ ಸ್ವಂತ ಮನೆಯ ಸ್ವಿಚ್ಚಿನ ಮುಂದೆ ಹುಬ್ಬು ಗಂಟಿಕ್ಕಿದ. "ಜಾಮ್ ಆಗಿದೆ. ಯಾರಪ್ಪಾ ಈ ಬೋರ್ಡು ಕೂರಿಸಿದ್ದು?" ಎಂದು ಗೊಣಗುತ್ತ ಜೇಬಿನಿಂದ ಟೆಸ್ಟರ್ ತೆಗೆದು ಸ್ಕ್ರೂಗೆ ಇಟ್ಟ. ಟೆಸ್ಟರ್ ಜಾರಿತು. ಅದರ ತುದಿಗೂ ಅವನ ಹೆಬ್ಬೆರಳಿಗೂ ಹಸಿ ಬಣ್ಣ ಅಂಟಿಕೊಂಡಿತ್ತು.

ಅವನು ಒಮ್ಮೆ ತುದಿಯನ್ನೂ ಒಮ್ಮೆ ಗೋಡೆಯನ್ನೂ ನೋಡಿದ. ಅಷ್ಟರಲ್ಲಿ ಅವಳು ಕಿವಿಯ ಮೇಲೆ ಸಿಕ್ಕಿಸಿಕೊಂಡಿದ್ದ ಬ್ರಷ್ ತೆಗೆದುಕೊಂಡು ಹೊರಬಂದಳು.

"ಬೋರ್ಡು ಕೂರಿಸಿದ್ದು ನಾನೇ ರೀ. ಸ್ವಲ್ಪ ಪಕ್ಕಕ್ಕೆ ಸರೀರಿ, ನನ್ನ ಗೋಡೆಗೆ ಅಡ್ಡ ನಿಂತಿದ್ದೀರಿ."