ಮೂರೇ ಕಲ್ಲಿನ ತಕ್ಕಡಿ

ಗಣಿತದ ಮೇಷ್ಟ್ರಿಗೆ ಬೆಲ್ಲವೆಂದರೆ ಅಷ್ಟಕ್ಕಷ್ಟೇ. ಆದರೂ ದಿನವೂ ಊರಿನ ಬೆಲ್ಲದಂಗಡಿಗೆ ಹೋಗಿ ಕೆಜಿಗಟ್ಟಲೆ ಬೆಲ್ಲ ತರುತ್ತಿದ್ದರು. "ಬೇರೆ ತೂಕದ ಕಲ್ಲೆಲ್ಲ ಕಳೆದುಹೋಗಿವೆ" ಎನ್ನುತ್ತ ಅಂಗಡಿಯ ಹುಡುಗಿ, ತಾತನ ಕಾಲದ ಒಂದು, ಮೂರು, ಒಂಬತ್ತು ಕೆಜಿಯ ಕಲ್ಲುಗಳಲ್ಲೇ ಎಷ್ಟು ಕೇಳಿದರೂ ತೂಗಿಬಿಡುತ್ತಿದ್ದಳು. ಕಲ್ಲುಗಳು ಈ ತಟ್ಟೆಯಿಂದ ಆ ತಟ್ಟೆಗೆ ಹಾರುವುದನ್ನು ನೋಡುತ್ತ ಮೇಷ್ಟ್ರು ಮನೆಯನ್ನೇ ಮರೆಯುತ್ತಿದ್ದರು. ಅವರನ್ನು ಕಂಡೊಡನೆ ಹುಡುಗಿಯ ಅಜ್ಜಿ ಸ್ಟೂಲು ಒರೆಸಿಟ್ಟು ಒಳಗೆ ಹೋಗುತ್ತಿದ್ದರು.

"ಇರುವೆಗಳಿಗೇನಾದ್ರೂ ಮದುವೆ ಮಾಡಿಸ್ತೀಯೇನೋ?" ಎಂದು ಮನೆಯಲ್ಲಿ ಅಮ್ಮ ಬೈದ ದಿನ, ಇವತ್ತು ಕೇಳಿಯೇಬಿಡುವುದೆಂದು ಮೇಷ್ಟ್ರು ಹೊರಟರು.

"ಇವತ್ತೆಷ್ಟು ಮೇಷ್ಟ್ರೇ?"

"ಐದು ಕೆಜಿ."

ಅವಳು ಒಂದು ತಟ್ಟೆಗೆ ಒಂಬತ್ತನ್ನಿಟ್ಟಳು. ಇನ್ನೊಂದಕ್ಕೆ ಮೂರನ್ನೂ ಒಂದನ್ನೂ ಇಟ್ಟು, ತಕ್ಕಡಿ ಸಮನಾಗುವವರೆಗೆ ಬೆಲ್ಲ ಪೇರಿಸಿದಳು.

"ಜೀವನಪೂರ್ತಿ ನೋಡ್ತಾ ಕೂತಿರೋಣ ಅನ್ಸುತ್ತೆ."

"ತಕ್ಕಡೀನೋ, ನನ್ನನ್ನೋ?"

ಮೇಷ್ಟ್ರ ಎದೆ ತಕ್ಕಡಿಗಿಂತ ಜೋರಾಗಿ ತೂಗಾಡಿತು. "ನಿಮ್ಮನ್ನೇ. ಮದುವೆ ಆಗ್ತೀರಾ?"

ಅವಳು ಕಿಲಕಿಲ ನಕ್ಕು ಒಳಕ್ಕೆ ಕೂಗಿದಳು: "ಅಜ್ಜೀ, ನೀನು ಬಚ್ಚಿಟ್ಟಿರೋ ಎರಡು ಕೆಜಿ, ಐದು ಕೆಜಿ ಕಲ್ಲೆಲ್ಲ ಆಚೆ ತಾರೇ, ಮೇಷ್ಟ್ರು ಕೇಳೇಬಿಟ್ರು!"